ನನ್ನ ಆಂಪ್ಲಿಫೈಯರಿಗೆ ಜೋಡಿ ಹುಡುಕಿದ್ದು

ಗಿಟಾರ್ ನುಡಿಸುವವರಿಗೆಲ್ಲ ಹೀಗಾಗುತ್ತದೋ, ನನಗೊಬ್ಬನಿಗೇ ಆಗುತ್ತದೋ ಗೊತ್ತಿಲ್ಲ. ಆಂಪ್ಲಿಫೈಯರ್ ಕೆಟ್ಟರೆ ರಿಪೇರಿಗಿಂತ ಹೆಚ್ಚು ಸಮಯ, ಅದಕ್ಕೆ ಏನಾಗಿದೆ ಅಂತ ಜನರಿಗೆ ವಿವರಿಸುವುದಕ್ಕೇ ಹೋಗುತ್ತದೆ.

ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಕೆಲಸದವರ ಹಾಜರಿ ಬರೆಯುವವನು. ಭಾನುವಾರ ಬಂತೆಂದರೆ ಮದುವೆ ರಿಸೆಪ್ಷನ್‌ಗಳಲ್ಲಿ ಗಿಟಾರ್ ನುಡಿಸುತ್ತೇನೆ. ಜೊತೆಗೆ ಟಯರ್ ಅಂಗಡಿ ಇಟ್ಟಿರುವ ಒಬ್ಬ ಡ್ರಮ್ಮರ್, ಹೈಸ್ಕೂಲ್ ಮೇಷ್ಟ್ರಾದ ಒಬ್ಬ ಹಾಡುಗಾರರು. ನನ್ನ ಆಂಪ್ಲಿಫೈಯರ್ ಹಳೇ ರೇಡಿಯೋಗಳಂತೆ ಒಳಗೆ ಗಾಜಿನ ಟ್ಯೂಬ್ ಇರುವಂಥದ್ದು. ಹಿಂದುಗಡೆ ಎರಡು ದೊಡ್ಡ ಟ್ಯೂಬುಗಳಿವೆ. ಗಿಟಾರಿನ ಪಿಸುಮಾತು ಹಾಲ್ ತುಂಬುವಂತೆ ಮಾಡುವುದು ಆ ಎರಡೇ. ಅವಕ್ಕೆ ಪವರ್ ಟ್ಯೂಬ್ ಅನ್ನುತ್ತಾರೆ. ಮೊನ್ನೆ ಪ್ರಾಕ್ಟೀಸಿನ ನಡುವೆ ಎರಡೂ ಹೋದವು.

ಬಿಟ್ಟಂಗಾಲದಲ್ಲಿ ರಿಸೆಪ್ಷನ್ ಒಪ್ಪಿಕೊಂಡಾಗಿತ್ತು. ಹಾಡುಗಾರರು ಕೇಳಿದರು: "ಸರಿ ಆಗುತ್ತೋ ಇಲ್ಲವೋ ಈಗಲೇ ಹೇಳಿಬಿಡಿ. ಆಗದಿದ್ರೆ ನಾನು ಪೆನ್‌ಡ್ರೈವ್ ಹಾಕ್ಕೊಂಡು ಹಾಡ್ತೀನಿ."

ಇಷ್ಟು ವರ್ಷ ಜೊತೆಗೆ ನುಡಿಸಿದವನ ಜಾಗಕ್ಕೆ ಒಂದು ಪೆನ್‌ಡ್ರೈವ್! ಮೈಯೆಲ್ಲ ಉರಿದುಹೋಯಿತು.

ಎಷ್ಟು ಅಡಿ?

ಮೊದಲು ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಇಲ್ಲಿ ಸಿಗುವುದಿಲ್ಲ ಅಂತ ಗೊತ್ತಿತ್ತು. ಆದರೂ ಆಸೆ.

"ಪವರ್ ಟ್ಯೂಬ್ ಇದೆಯಾ?"

"ಇದೆಯಲ್ಲ. ನಾಲ್ಕಡಿಯದ್ದಾ, ಎರಡಡಿಯದ್ದಾ?"

"ಲೈಟಿಗಲ್ಲ ಅಣ್ಣ. ಸೌಂಡಿಗೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಟ್ಟ ಟ್ಯೂಬನ್ನು ಜೇಬಿನಿಂದ ತೆಗೆದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದು ಉರಿಯುತ್ತಾ?"

"ಉರಿಯುತ್ತೆ. ಆದ್ರೆ ಬೆಳಕಿಗೋಸ್ಕರ ಅಲ್ಲ. ಇದರಿಂದ ಸೌಂಡ್ ಬರಬೇಕು."

ಅವರು ಟ್ಯೂಬನ್ನು ಮೆಲ್ಲಗೆ ನನ್ನ ಕೈಗಿಟ್ಟರು. "ನೋಡಿ ರೈಟ್ರೇ, ಟ್ಯೂಬಿಂದ ಸೌಂಡ್ ಬರ್ತದೆ ಅಂತ ವಾಪಸ್ ತಂದವರು ಬೇಕಾದಷ್ಟು ಜನ ಇದ್ದಾರೆ. ಸೌಂಡ್ ಬರೋದೇ ಬೇಕು ಅಂತ ಕೇಳಿದವರು ನೀವೇ ಮೊದಲು."

ಕಣ್ಣು ಮುಚ್ಚಿ ಕೇಳಿದ್ದು

ಹೊಸದು ಕೊಳ್ಳುವ ಮೊದಲು ಯಾವುದು ಅಂತ ಗೊತ್ತಾಗಬೇಕಲ್ಲ. ಟ್ಯೂಬಿನ ಮೇಲಿನ ನಂಬರ್ ಒಂದೇ ಆದರೂ ರಷ್ಯಾದ್ದರ ದನಿ ಬೇರೆ, ಚೀನಾದ್ದರ ದನಿ ಬೇರೆ ಅನ್ನುತ್ತಾರೆ. ಕುಶಾಲನಗರದ ಒಬ್ಬ ಗಿಟಾರ್ ಸ್ನೇಹಿತ ಎರಡೂ ಬಗೆಯ ಒಂದೊಂದು ಜೋಡಿ ಕೊಟ್ಟು, "ಕೇಳಿ ನೋಡಿ ವಾಪಸ್ ಕೊಡು" ಅಂದ.

ಡ್ರಮ್ಮರ್‌ಗೆ ಚೀನಾದ್ದು ಬೇಡ, ಹಾಡುಗಾರರಿಗೆ ರಷ್ಯಾದ್ದು ಬೇಡ. ಇಬ್ಬರಿಗೂ ಕಾರಣ ಗೊತ್ತಿಲ್ಲ. ಸರಿ, ಕಣ್ಣು ಮುಚ್ಚಿಕೊಂಡು ಕೇಳಿ, ಆಮೇಲೆ ಹೇಳಿ ಅಂದೆ. ಇಬ್ಬರೂ ಧ್ಯಾನಕ್ಕೆ ಕೂತವರ ಹಾಗೆ ಕೂತರು. ಮೊದಲ ಜೋಡಿ ಹಾಕಿ ಒಂದು ಹಾಡು ನುಡಿಸಿದೆ.

"ಸ್ವಲ್ಪ ಒಣ ಒಣ," ಅಂದರು ಹಾಡುಗಾರರು.

"ಹೌದೌದು, ಗಂಟಲು ಕಟ್ಟಿದ ಹಾಗೆ," ಅಂದ ಡ್ರಮ್ಮರ್.

ಆಂಪ್ಲಿಫೈಯರ್ ಆಫ್ ಮಾಡಿ ಟ್ಯೂಬಿಗೆ ಕೈ ಹಾಕಿದೆ. ಕಾದ ಬಾಣಲೆ ಮುಟ್ಟಿದ ಹಾಗಾಯಿತು. ಬೆರಳು ಬಾಯಿಗಿಟ್ಟುಕೊಂಡು ಒದ್ದಾಡಿದೆ. ಬಿಚ್ಚಬೇಕಾದರೆ ತಣ್ಣಗಾಗಬೇಕು. ಅಷ್ಟರಲ್ಲಿ ಸುಟ್ಟ ಬೆರಳಲ್ಲಿ ತಂತಿ ಒತ್ತಲು ಆಗುತ್ತಾ ನೋಡೋಣ ಅಂತ ಮತ್ತೆ ಆನ್ ಮಾಡಿ ಸುಮ್ಮನೆ ಎರಡು ಸಾಲು ನುಡಿಸಿದೆ.

"ಆಹಾ!" ಅಂದರು ಹಾಡುಗಾರರು, ಕಣ್ಣು ಮುಚ್ಚಿಕೊಂಡೇ. "ಈಗ ನೋಡಿ! ಜೇನು!"

"ಎಲ್ಲಿಯ ಅದು, ಎಲ್ಲಿಯ ಇದು! ಭೂಮಿಗೂ ಆಕಾಶಕ್ಕೂ ಇರೋ ವ್ಯತ್ಯಾಸ ಮಾರಾಯ!" ಅಂದ ಡ್ರಮ್ಮರ್.

ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಆಡಿದ್ದರು. ನನಗೆ ತಡೆಯಲಾಗಲಿಲ್ಲ. "ನಾನು ಟ್ಯೂಬ್ ಬದಲಾಯಿಸಿಯೇ ಇಲ್ಲ, ಅದೇ ಇದು!" ಅಂತ ಕೂಗಿದೆ.

ಇಬ್ಬರೂ ಕಣ್ಣು ಬಿಟ್ಟರು. ಡ್ರಮ್ಮರ್ ಒಂದು ಕ್ಷಣವೂ ಯೋಚಿಸಲಿಲ್ಲ. "ಅದೆಲ್ಲ ಇರ್ಲಿ. ಎರಡನೇದನ್ನೇ ತಗೋ."

ಒಳಗೆ ಏನೂ ಇಲ್ಲ

ಎರಡನೆಯದು ಅನ್ನುವುದೇ ಇಲ್ಲದ ಮೇಲೆ ನಾನೇ ತೀರ್ಮಾನ ಮಾಡಿ ರಷ್ಯಾದ್ದು ಅಂದುಕೊಂಡೆ. ತಲಶ್ಶೇರಿ ಕಡೆ ಹಳೇ ರೇಡಿಯೋ ಸಾಮಾನು ಮಾರುವವರೊಬ್ಬರ ಹತ್ತಿರ ಒಂದು ಜೋಡಿ ಇತ್ತು. ಬೈಕಿನಲ್ಲಿ ಹೋಗಿ ತಂದೆ. ಅಲ್ಲಿಂದ ಮಾಹೆ ಹತ್ತಿರ. ಮಾಹೆಯಲ್ಲಿ ಕುಡಿಯುವ ಎಣ್ಣೆ ಅಗ್ಗ. ಹಾಗಾಗಿ ಆ ಕಡೆಯಿಂದ ಬರುವವರ ಬ್ಯಾಗಿನ ಮೇಲೆ ಗಡಿಯ ಮಾಕುಟ್ಟ ಚೆಕ್‌ಪೋಸ್ಟಿನವರಿಗೆ ವಿಶೇಷ ಪ್ರೀತಿ.

"ಬ್ಯಾಗಲ್ಲಿ ಎಂತ?"

"ಗಾಜಿಂದು ಸಾರ್, ಮೆಲ್ಲಗೆ."

ಗಾಜು ಅಂದದ್ದೇ ತಪ್ಪಾಯಿತು. ಅವರ ಮುಖ ಅರಳಿತು. ಹತ್ತಿ ಬಿಡಿಸಿ ಒಂದು ಟ್ಯೂಬನ್ನು ಬಿಸಿಲಿಗೆ ಹಿಡಿದರು.

"ಒಳಗೆ ಎಂತ ಉಂಟು?"

"ಏನೂ ಇಲ್ಲ ಸಾರ್."

"ಏನೂ ಇಲ್ಲ ಅಂದ್ರೆ?"

"ಗಾಳಿ ಕೂಡ ಇಲ್ಲ ಸಾರ್. ಗಾಳಿ ಎಲ್ಲ ಎಳೆದು ತೆಗೆದುಬಿಟ್ಟಿರ್ತಾರೆ. ಗಾಳಿ ಒಳಗೆ ಹೋದ್ರೆ ಕೆಟ್ಟುಹೋಗುತ್ತೆ."

ಅವರು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು. ಆಮೇಲೆ ಒಳಗೆ ಕೂತಿದ್ದ ದೊಡ್ಡ ಸಾಹೇಬರಿಗೆ ಕೂಗಿ ಹೇಳಿದರು: "ಸಾರ್, ಇವರು ಮಾಹೆ ಕಡೆಯಿಂದ ಎರಡು ಬಾಟಲಿ ತಂದಿದ್ದಾರೆ. ಒಳಗೆ ಏನೂ ಇಲ್ಲವಂತೆ!"

ಒಳಗಿನಿಂದ ತಕ್ಷಣ ಉತ್ತರ ಬಂತು: "ಹಾಗಾದ್ರೆ ಎಲ್ಲ ಅವರ ಹೊಟ್ಟೆಯಲ್ಲೇ ಉಂಟು. ಊದಿಸು!"

ಹೊಂದಬೇಕಾದ ಜೋಡಿ

ಊದಿದ್ದಾಯಿತು, ಮನೆಗೆ ಬಂದದ್ದಾಯಿತು. ಹಾಕಿ ನೋಡಿದರೆ ಅಲ್ಲಾಡಿಸಿದ ಟ್ಯೂಬ್ ಸತ್ತಿತ್ತು. ಒಂದು ಹೋದರೆ ಜೋಡಿಯನ್ನೇ ಬದಲಾಯಿಸಬೇಕು. ಎರಡೂ ಒಂದೇ ಅಳತೆಗೆ ಹೊಂದದಿದ್ದರೆ ಆಗುವುದಿಲ್ಲ.

ಮರುದಿನ ಕುಶಾಲನಗರದಿಂದ ಬಸ್ಸಿನಲ್ಲಿ ಬರುವಾಗ ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲಿ ಕೂಗಿಯೇ ಮಾತಾಡಬೇಕಾಯಿತು.

"ರಷ್ಯಾದ್ದೇ ಬೇಕು ಸಾರ್! ಚೀನಾದ್ದು ನನ್ನ ಹತ್ತಿರ ಬಾಳಲ್ಲ!... ಜೋಡಿ ಚೆನ್ನಾಗಿ ಹೊಂದಬೇಕು... ಹೊಸದೇ ಆಗ್ಬೇಕು ಅಂತೇನಿಲ್ಲ, ಮೊದಲು ಬೇರೆಯವರ ಹತ್ತಿರ ಇದ್ದಿದ್ದಾದ್ರೂ ಅಡ್ಡಿಯಿಲ್ಲ!... ಹಳೇದಾ? ಹಳೇದು ಪೂರ್ತಿ ಹೋಯ್ತು ಸಾರ್, ಏನು ಮಾಡಿದ್ರೂ ಬಿಸಿನೇ ಆಗಲ್ಲ!... ಮನೆಗೇ ಕಳಿಸಿಬಿಡಿ, ನಮ್ಮನೆಯವಳಿಗೆ ನಾನು ಹೇಳ್ಕೋತೀನಿ."

ಫೋನ್ ಇಟ್ಟಾಗ ಬಸ್ಸಿನವರೆಲ್ಲ ನನ್ನ ಕಡೆಗೇ ತಿರುಗಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ತವರಿನ ಪಕ್ಕದ ಮನೆಯಾಕೆ ಕೂತಿದ್ದನ್ನು ಆಗ ನೋಡಿದೆ. ನಕ್ಕೆ. ಆಕೆ ನಗಲಿಲ್ಲ.

ಪಾರ್ಸೆಲ್ ಬಂದ ದಿನವೇ ಮಾವನವರೂ ಬಂದರು. ಜೊತೆಗೆ ಅವರೂರಿನ ಹಿರಿಯರೊಬ್ಬರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ನೋಡಿ ಅಳಿಯಂದ್ರೇ, ಮನುಷ್ಯ ಅಂದ್ಮೇಲೆ ಮನಸ್ಸು ಅತ್ತಿತ್ತ ಆಗುತ್ತೆ," ಅಂತ ಹಿರಿಯರು ಶುರುಮಾಡಿದರು. "ಆದ್ರೆ ಅಷ್ಟು ದೂರದಿಂದ ತರಿಸೋದಾ? ಇವಳಲ್ಲಿ ಏನು ಕಮ್ಮಿಯಾಗಿದೆ?"

ನನಗೆ ಬುಡವೂ ತಿಳಿಯಲಿಲ್ಲ, ತುದಿಯೂ ತಿಳಿಯಲಿಲ್ಲ. ಮಾವನವರು ಗಂಟಲು ಸರಿಮಾಡಿಕೊಂಡು, "ಆ ರಷ್ಯಾದವಳ ವಿಷಯ," ಅಂದರು.

ಹೆಂಡತಿಯ ಕಡೆ ತಿರುಗಿದೆ. ಅವಳು ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುವಲ್ಲ, ನಗು.

"ನೀನಾದ್ರೂ ಹೇಳಬಾರದಾ?"

"ನಾನೇನು ಹೇಳ್ಲಿ? ಎರಡು ವಾರದಿಂದ ನೀವು ನನ್ನ ಜೊತೆ ಬೇರೆ ಮಾತೇ ಆಡಿಲ್ಲ. ಅಪ್ಪಯ್ಯ ಕೇಳಿದ್ರು, ಹೌದು ರಷ್ಯಾದ್ದೇ ಧ್ಯಾನ ಅಂದೆ."

ಓಡಿಹೋಗಿ ಪಾರ್ಸೆಲ್ ತಂದು ಅವರ ಮುಂದೆಯೇ ಬಿಚ್ಚಿದೆ. ಎರಡೂ ಟ್ಯೂಬ್ ಕೂರಿಸಿ ಸ್ವಿಚ್ ಹಾಕಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗಿಟಾರಿನ ತಂತಿ ಮೀಟಿದರೆ ಕಿಟಕಿಯ ಗಾಜು ಅದುರುವ ಹಾಗೆ ದನಿ ಬಂತು. ಬಿಟ್ಟಂಗಾಲ ಗೆದ್ದೆ, ಪೆನ್‌ಡ್ರೈವ್ ಸೋತಿತು ಅಂತ ಖುಷಿಯಲ್ಲಿ ಅರ್ಧ ಹಾಡು ನುಡಿಸಿಯೇಬಿಟ್ಟೆ. ಕೆಟ್ಟದ್ದು ಯಾವುದು, ಅಲ್ಲಾಡಿಸಿ ಕೆಡಿಸಿದವರು ಯಾರು, ಈ ಎರಡು ಗಾಜಿನ ಬುರುಡೆಗಾಗಿ ಎಲ್ಲೆಲ್ಲಿ ಅಲೆದೆ, ಎಲ್ಲ ಹೇಳಿದೆ.

ಹಿರಿಯರು ತಲೆಯಾಡಿಸಿ ಕಾಫಿ ಲೋಟ ಎತ್ತಿಕೊಂಡರು. ಮಾವನವರು ಮಾತ್ರ ತುಂಬಾ ಹೊತ್ತು ಆ ಟ್ಯೂಬುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಮಗಳನ್ನು ನೋಡಿ ನಿಟ್ಟುಸಿರುಬಿಟ್ಟರು.

"ಹೆಣ್ಣಾಗಿದ್ರೆ ನಾಲ್ಕು ಜನ ಕೂತು ಬುದ್ಧಿ ಹೇಳಿ ಬಿಡಿಸಬಹುದಿತ್ತು. ಇದಕ್ಕೆ ಏನು ಮಾಡೋದು ಮಗಳೇ?"