ತಾತ್ಯಾನ ಸೈಕಲ್ಲು

ಸ್ವಂತದ್ದು ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ತುಸು ಹೆಚ್ಚೇ ಪ್ರೀತಿ. ಐದನೆಯ ಇಯತ್ತೆಗೇ ಶಾಲೆ ಬಿಟ್ಟು ಹೊಲಕ್ಕೆ ಇಳಿದವನು ನಾನು. ಅಂದಿನಿಂದ ಸ್ವಂತ ಕೈ, ಸ್ವಂತ ಬೆವರು, ಸ್ವಂತ ಬುದ್ಧಿ. ಈ ಕೊನೆಯದರ ಬಗ್ಗೆ ಮನೆಯಲ್ಲಿ ಬೇರೆ ಅಭಿಪ್ರಾಯವಿದೆ, ಇರಲಿ. ಪಕ್ಕದ ಮನೆಯ ಗುದ್ದಲಿಯನ್ನೂ ನಾನು ಕೇಳಿ ತಂದವನಲ್ಲ. ಇಂಥವನು ಹೋಗಿ ಹೋಗಿ ಇನ್ನೊಬ್ಬರು ತುಳಿದ ಸೈಕಲ್ಲು ಕೊಂಡೆ.

ನಮ್ಮ ಅಕ್ಕೋಳದಲ್ಲಿ ನನ್ನ ಹೊಲಕ್ಕೆ ಹೋಗುವ ದಾರಿಯೆಂದರೆ ಕಬ್ಬಿನ ನಡುವಿನ ಬದು. ಅಲ್ಲಿಗೆ ಮೋಟಾರ್ ಸೈಕಲ್ ಒಯ್ದರೆ ಅದನ್ನು ಹೊತ್ತು ತರಲು ಬೇರೆ ಆಳು ಬೇಕು. ಸೈಕಲ್ಲಾದರೆ ಮೇವಿನ ಹೊರೆ ಹೇರಿ ತಳ್ಳಿಕೊಂಡಾದರೂ ಬರಬಹುದು. ಅದೇ ಹೊತ್ತಿಗೆ ನಮ್ಮೂರ ಬಾಳೂ ತಾತ್ಯಾ ಮೊಣಕಾಲು ನೋವೆಂದು ಮನೆಮನೆಗೆ ಹಾಲು ಹಾಕುವುದನ್ನು ಬಿಟ್ಟು, ಸೈಕಲ್ಲನ್ನು ಗೋಡೆಗೆ ಒರಗಿಸಿದ್ದ. ಕೇಳಿದೆ, ಒಂದೇ ಮಾತಿಗೆ ಕೊಟ್ಟ. ಅಷ್ಟು ಅಗ್ಗಕ್ಕೆ ಕೊಟ್ಟರೆ ಶಹಾಣೆ ಮನುಷ್ಯ ಅನುಮಾನಪಡಬೇಕು, ನಾನು ಖುಷಿಪಟ್ಟೆ. "ಬ್ರೇಕ್ ಒಂದ ಹಿಡಿಯಂಗಿಲ್ಲ ನೋಡಪಾ, ಉಳಿದದ್ದೆಲ್ಲಾ ಹಿಡೀತೈತಿ" ಅಂದ ತಾತ್ಯಾ. ತುಳಿದ ಮೇಲೆ ಅರ್ಥವಾಯಿತು: ಚಕ್ರ ಮಡ್‌ಗಾರ್ಡನ್ನು ಹಿಡಿಯುತ್ತಿತ್ತು, ಚೈನು ನನ್ನ ಪೈಜಾಮವನ್ನು.

ನಿಪ್ಪಾಣಿಯ ಸೈಕಲ್ ಅಂಗಡಿಗೆ ಒಯ್ಯಬಹುದಿತ್ತು. ಸ್ವಂತ ಕೈ ಇರುವಾಗ ಅಂಗಡಿ ಯಾಕೆ? ಅಂಗಳದಲ್ಲಿ ಗೋಣಿಚೀಲ ಹಾಸಿ, ನಟ್ಟು ತಿರುವುವ ಪಾನಾ ಹಿಡಿದು ಕುಳಿತೆ. ಬಿಚ್ಚುವುದು ಬಹಳ ಸುಲಭ. ಜಗತ್ತಿನಲ್ಲಿ ಬಿಚ್ಚುವ ಕೆಲಸ ಯಾವತ್ತೂ ಸುಲಭವೇ. ಚಕ್ರದೊಳಗಿನ ಸಣ್ಣ ಗುಂಡುಗಳು ಉರುಳಿದವು, ಒಂದನ್ನು ಕೋಳಿ ಕಾಳೆಂದು ನುಂಗಿತು. ಸಂಜೆ ಎಲ್ಲ ಜೋಡಿಸಿದಾಗ ಒಂದು ಹಿಡಿ ನಟ್ಟುಗಳು ಮಿಕ್ಕವು.

"ಇವು ಎಲ್ಲೀವ್ರಿ?" ಎಂದಳು ಹೆಂಡತಿ.

"ಕಂಪನಿಯವರು ಹೆಚ್ಚಿಗಿ ಹಾಕಿದ್ರು" ಎಂದೆ.

ಹೊಸ ಟೈರು, ಹೊಸ ಸೀಟು, ಮೇಲೆ ಗಿಳಿಹಸಿರು ಬಣ್ಣ. ಮದುಮಗನಂತೆ ಓಣಿಗೆ ಇಳಿದು ಬೆಲ್ ಬಾರಿಸಿದೆ. ಬಾರಿಸಿದ್ದೇ ತಡ, ಬಾಗಿಲು ಬಾಗಿಲಿನಿಂದ ಹೆಣ್ಣುಮಕ್ಕಳು ಹಾಲಿನ ಪಾತೇಲಿ ಹಿಡಿದು ಹೊರಗೆ ಬಂದರು. "ಮತ್ತ ಚಾಲೂ ಮಾಡಿದ್ರೇನ್ರಿ ತಾತ್ಯಾ?" ಎಂದವರು ನನ್ನ ಮುಖ ಕಂಡು, "ಅಯ್ಯ, ತಾತ್ಯಾನ ಸೈಕಲ್ ಮ್ಯಾಲೆ ಇವರ್ಯಾಕ ಕುಂತಾರ?" ಎಂದು ಒಳಗೆ ಹೋದರು. ಹಾಲಿನ ಆಸೆಗೆ ಬಂದಿದ್ದ ಬೆಕ್ಕುಗಳು ಮಾತ್ರ ಹೋಗಲಿಲ್ಲ. ಬಾಲ ಎತ್ತಿಕೊಂಡು ಹೊಲದವರೆಗೂ ಹಿಂದೆ ಬಂದವು.

ಬೆಲ್ ಬದಲಿಸಿದೆ. ಬೆಕ್ಕುಗಳು ಚೈನ್‌ಕವರಿನ ಸಪ್ಪಳಕ್ಕೆ ಬಂದವು. ಚೈನ್‌ಕವರ್ ಬದಲಿಸಿದೆ. ಕ್ಯಾರಿಯರ್ ಬದಲಿಸಿದೆ, ಹ್ಯಾಂಡಲ್ಲೂ ಬದಲಿಸಿದೆ. ತಾತ್ಯಾನದೆಂದು ಉಳಿದದ್ದು ನಡುವಿನ ಚೌಕಟ್ಟು, ಅದೂ ನನ್ನ ಬಣ್ಣದ ಕೆಳಗೆ. ಆದರೂ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಬೆನ್ನು ತಟ್ಟಿದರು: "ತಾತ್ಯಾನ ಸೈಕಲ್ಲಿಗೆ ಹ್ಯಾಂಡಲ್ ಹೊಸಾದ ಹಾಕಿದೇನಪಾ? ಚಲೋ ಮಾಡಿದಿ. ಅವನ ಹೆಸರ ಕೆಡಸಬ್ಯಾಡ."

ಉರಿದುಹೋಯಿತು. ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಂದೆ ಹಾರಾಡಿದೆ. "ಬೆವರ ನಂದು, ಬಣ್ಣ ನಂದು, ಹೆಸರ ಮಾತ್ರ ಅವಂದು! ಇದು ನನ್ನ ಸೈಕಲ್ ಅಂತ ಊರ ಯಾವಾಗ ಅಂತೈತಿ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಹಿತ್ತಲದಾಗಿನ ಎಮ್ಮಿಗೆ ನೀವು ಏನಂತೀರಿ?"

"ಕೊಗನೊಳ್ಳಿ ಎಮ್ಮಿ." ಕೊಗನೊಳ್ಳಿಯಿಂದ ಕೊಂಡು ತಂದ ಎಮ್ಮೆಗೆ ಬೇರೇನು ಅನ್ನಬೇಕು?

"ನಮ್ಮ ಮನ್ಯಾಗ ಎಷ್ಟ ಸಲ ಈಯ್ತು ಅದು? ಹೋಗ್ಲಿ ಬಿಡ್ರಿ, ಅದು ಎಮ್ಮಿ. ನಾ ಈ ಮನೀಗೆ ಬಂದ ಮ್ಯಾಲೆ ಮಕ್ಕಳಾಗಿ, ಮಕ್ಕಳಿಗೆ ಮೀಸಿ ಬಂದ್ವು. ಊರ ಮಂದಿ ಇನ್ನೂ ತವರೂರ ಹೆಸರ ಹಿಡದು ಅಲಖನೂರಾಕಿ ಅಂತಾರ. ನೀವೂ ಹಂಗ ಕರೀತೀರಿ. ನಿಮ್ಮ ಸೈಕಲ್ಲಿಗೆ ಇಷ್ಟ ಅವಸರ ಯಾಕ?"

ಇಂಥ ಮಾತಿಗೆ ಉತ್ತರ ಶಾಲೆಯಲ್ಲಿ ಮುಂದಿನ ಇಯತ್ತೆಗಳಲ್ಲಿ ಕಲಿಸುತ್ತಿದ್ದರೋ ಏನೋ. ನಾನು ಸೈಕಲ್ ಹತ್ತಿ ನಿಪ್ಪಾಣಿ ಸಂತೆಗೆ ಹೋದೆ.

ಚಹಾದಂಗಡಿಯ ಮುಂದೆ ನಿಲ್ಲಿಸಿ, ಬೀಜದ ಮೆಣಸಿನಕಾಯಿ ಕೊಂಡು ಬರುವಷ್ಟರಲ್ಲಿ ಸೈಕಲ್ಲಿಲ್ಲ! "ನನ್ನ ಸೈಕಲ್ ಕಂಡ್ರೇನ್ರಿ? ಹಸಿರ ಬಣ್ಣದ್ದು, ಹೊಸಾ ಸೀಟಿಂದು" ಎಂದೆ. ಚಹಾದವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ಮದು ಯಾವದೂ ಇಲ್ರಿ ಇಲ್ಲಿ" ಎಂದ. ಸಂತೆಯೆಲ್ಲ ಸುತ್ತಿದೆ. ಬಿಸಿಲಿಗೆ ನಾಲಗೆ ಒಣಗಿತು, ಅಭಿಮಾನ ಒಣಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಮತ್ತೆ ಅಲ್ಲಿಗೇ ಬಂದು, ಕತ್ತು ಬಗ್ಗಿಸಿ ಹೇಳಿದೆ: "ಅಕ್ಕೋಳದ ಬಾಳೂ ತಾತ್ಯಾನ ಸೈಕಲ್ ರೀ..."

"ಹಂಗ ಅನ್ರಿ ಮೊದಲ! ತಾತ್ಯಾ ನಮಗೂ ಹಾಲ ಹಾಕ್ತಿದ್ದ. ಬಣ್ಣ ಹಚ್ಚಿದ್ರ ಗುರುತ ಸಿಗಂಗಿಲ್ಲೇನು? ಯಾರೋ ಕದ್ದ ತಂದಾರಂತ ನಾನ ಒಳಗ ಇಟ್ಟೀನಿ. ಹೌದು, ನೀವ್ಯಾರು?"

ನಾನು ಯಾರೆಂಬುದಕ್ಕೆ ಆ ಹೊತ್ತಿನಲ್ಲಿ ಸಾಕ್ಷಿ ತಾತ್ಯಾ ಒಬ್ಬನೇ. ಫೋನ್ ಹಚ್ಚಿಕೊಟ್ಟೆ. ತಾತ್ಯಾನ ದನಿ ಇಡೀ ಅಂಗಡಿಗೆ ಕೇಳಿಸಿತು: "ಹೌದಪಾ, ನಂದ ಸೈಕಲ್ ಅದು. ಅವಾ ನಮ್ಮವನ, ಪಾಪ, ಕೊಟ್ಟ ಕಳಸು."

ಹೀಗೆ ನನ್ನ ಸ್ವಂತ ಸೈಕಲ್ಲನ್ನು ತಾತ್ಯಾನ ಶಿಫಾರಸಿನ ಮೇಲೆ ಬಿಡಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ನಿಂತು, ಏನೆನ್ನಿಸಿತೋ, "ಸುಶೀಲಾ" ಎಂದು ಕರೆದೆ. ಮದುವೆಯಾದ ಮೇಲೆ ಅವಳ ಹೆಸರನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಾತ್ರಿ? ಎಲ್ಲಿ ಬಿದ್ರಿ? ತಲೀಗೆ ಪೆಟ್ಟ ಹತ್ತಿತೇನು?"

ಬಿದ್ದಿಲ್ಲವೆಂದು ನಂಬಿಸಲು ಸಾಕುಬೇಕಾಯಿತು. ಸುಧಾರಣೆಯನ್ನು ಅಲ್ಲಿಗೆ ಬಿಡದೆ ಹಿತ್ತಲಿಗೆ ಹೋಗಿ ಎಮ್ಮೆಯನ್ನು "ಗೌರೀ" ಎಂದೆ. ಅದು ತಿರುಗಿಯೂ ನೋಡಲಿಲ್ಲ. "ಕೊಗನೊಳ್ಳೀ" ಎಂದೆ, ಕಿವಿ ಅಲ್ಲಾಡಿಸಿ ಮುಖ ಎತ್ತಿತು. ಮೂಕ ಪ್ರಾಣಿ, ಅದಕ್ಕೇನು ತಿಳಿಯುತ್ತದೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಓಣಿಯಿಂದ ಯಾರೋ ಕೂಗಿದರು: "ತಾತ್ಯಾನ ಸೈಕಲ್ಲಿನವರಽ, ಅದೀರೇನ್ರಿ ಮನ್ಯಾಗ?"

ನಾನು ಮುಖ ಎತ್ತಿ, "ಓ, ಬಂದೆ" ಎಂದೆ.