ಕುರಿ ಮಂದೆಗೆ ಎರಡು ಫೋನು

ಕುರಿ ಹಿಂದೆ ಊರೂರು ಅಲೆಯೋರಿಗೆ ದಿನಾ ಒಂದು ಫಜೀತಿ ಇದ್ದೇ ಇರ್ತದೆ. ಏನೂ ಆಗದೆ ಹೊತ್ತು ಮುಳುಗಿದ್ರೆ ನಮಗೇ ಅನುಮಾನ, ಎಲ್ಲೋ ಒಂದು ಕುರಿ ತಪ್ಪಿಸ್ಕೊಂಡೈತೆ ಅಂತ. ಅದರ ಮೇಲೆ ಮಂದೆಗೆ ಎರಡು ಫೋನು ಸೇರ್ಕೊಂಡ್ವು ನೋಡ್ರಿ, ಫಜೀತಿಗೇನೂ ಬರ ಬರಲಿಲ್ಲ.

ನಾವು ಜಗಳೂರು ಕಡೇರು. ಸುಗ್ಗಿ ಮುಗಿದು ನಮ್ಮ ಕಡೆ ಮೇವು ಒಣಗ್ತಿದ್ದಂಗೆ ಕುದುರೆ ಮೇಲೆ ಪಾತ್ರೆ ಪಗಡ, ರಾತ್ರಿ ಕುರಿ ಸುತ್ತ ಕಟ್ಟೋ ಬಲೆ, ಕೋಳಿ ಎಲ್ಲಾ ಹೇರ್ಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಂತ ನೀರಾವರಿ ಸೀಮೆಗೆ ನಡೀತೀವಿ. ಅಲ್ಲಿ ಭತ್ತ ಕೊಯ್ದ ಗದ್ದೆಯಾಗೆ ನಮ್ಮ ಕುರಿಗೆ ಮೇವು, ಅವರ ಗದ್ದೆಗೆ ಗೊಬ್ಬರ. ಮಂದೆ ಜೊತೆ ಇರೋದು ಮೂರೇ ಜನ: ನಾನು, ನಮ್ ಯಜಮಾನ್ರು, ನನ್ನ ಮೈದುನ. ಅತ್ತೆ ಊರಾಗೆ ಮನೆ ನೋಡ್ಕೊಂಡಿರ್ತಾರೆ. ಇಷ್ಟು ವರ್ಷ ಮಂದೆಗೆಲ್ಲಾ ಸೇರಿ ಒಂದೇ ಫೋನಿತ್ತು. ಗುಂಡಿ ಒತ್ತೋದು. ಅದು ಯಜಮಾನ್ರ ಜೇಬು ಬಿಟ್ಟು ಹೊರಗೆ ಬರ್ತಿರಲಿಲ್ಲ.

೧. ಹುಡುಗಿ ಹಾಕಿದ ಕರಾರು

ಮೈದುನನಿಗೆ ಹೆಣ್ಣು ಹುಡುಕಿ ಹುಡುಕಿ ಸಾಕಾಗಿತ್ತು. ವರ್ಷದಾಗೆ ಅರ್ಧ ಬಯಲಾಗೆ ಮಲಗೋನಿಗೆ ಯಾರು ಕೊಡ್ತಾರೆ? ಕಡೆಗೆ ನಮ್ಮ ತಾಲೂಕಿನಾಗೇ ಒಂದು ಹುಡುಗಿ ಸಿಕ್ಕಳು. ಹುಡುಗಿ ಒಳ್ಳೇಕಿ, ಮಾತು ಖಡಕ್ಕು.

"ಕುರಿ ಕಾಯಲಿ, ತಿಂಗಳುಗಟ್ಟಲೆ ಹೊರಗಿರಲಿ, ನನ್ನದೇನೂ ತಕರಾರಿಲ್ಲ," ಅಂದ್ಳು. "ಆದ್ರೆ ದಿನಾ ಸಂಜೆ ಫೋನ್ ಮಾಡ್ಬೇಕು, ಮುಖ ನೋಡಿ ಮಾತಾಡ್ಬೇಕು. ಈ ಸಲ ಅಷ್ಟು ನಡೆಸ್ಕೊಟ್ರೆ ಮದುವೆ. ಇಲ್ಲಾಂದ್ರೆ ಇಲ್ಲ."

ನನಗೆ ಆಕೆ ಅವತ್ತೇ ಮನಸ್ಸಿಗೆ ಹಿಡಿಸಿಬಿಟ್ಳು. ಈ ಇಬ್ಬರು ಗಂಡಸರ ಜೊತೆ ಮಾತಾಡಿ ನನ್ನ ನಾಲಿಗೆ ಸವೆದುಹೋಗಿತ್ತು. ಒಲೆ ಮುಂದೆ ಇನ್ನೊಂದು ಹೆಣ್ಣುಜೀವ ಇರ್ಲಿ ಅಂತ ಎಷ್ಟು ಆಸೆ ಇತ್ತು ಅಂದ್ರೆ, ಈ ಸಂಬಂಧ ತಪ್ಪಿದ್ರೆ ಮೈದುನನಿಗಿಂತ ಹೆಚ್ಚು ಅಳೋಳು ನಾನೇ.

ಮೈದುನ ಮಾರನೇ ದಿನವೇ ಎರಡು ಮರಿ ಮಾರಿ ದೊಡ್ಡ ಫೋನು ತಂದ. ನನ್ನ ಹಳೇ ಸೀರೆ ತುಂಡಿನಾಗೆ ಸುತ್ತಿ ಎದೆಗೆ ಒತ್ಕೊಂಡು ಓಡಾಡಿದ. ಯಜಮಾನ್ರು ಅದನ್ನ ಹಿಂದೆ ಮುಂದೆ ತಿರುವಿ ನೋಡಿ ನನ್ನ ಕಡೆ ತಿರುಗಿದ್ರು.

"ಎರಡು ಮರಿ ಕೊಟ್ಟು ಒಂದು ಕನ್ನಡಿ ತಂದಾನಲ್ಲೇ!"

೨. ಬೀಗದೊಳಗಿನ ಫೋನು

ಚನ್ನಗಿರಿ ಹತ್ರ ಒಬ್ಬ ರೈತರ ಗದ್ದೆಯಾಗೆ ಬೀಡು ಬಿಟ್ಟಿದ್ವಿ. ಬಯಲಾಗೆ ಕರೆಂಟ್ ಎಲ್ಲಿಂದ ಬರ್ಬೇಕು? ಮೈದುನ ಆ ರೈತರನ್ನ ಕಾಡಿ ಬೇಡಿ ಅವರ ಮೋಟರ್ ಮನೆಯಾಗೆ ಫೋನು ಚಾರ್ಜಿಗೆ ಇಟ್ಟು ಬಂದ. ಅವರು ಮೋಟರ್ ಬಂದ್ ಮಾಡಿ, ಮರೆತು ಬಾಗಿಲಿಗೆ ಬೀಗ ಜಡಿದು, ಬೈಕ್ ಹತ್ತಿ ಪೇಟೆಗೆ ಹೋಗಿಬಿಟ್ರು. ಸಂಜೆ ಆತು. ಒಳಗೆ ಫೋನು ಬಡ್ಕೊಳ್ಳಾಕೆ ಶುರು ಮಾಡ್ತು.

ಮೈದುನ ಕಿಟಕಿ ಸರಳು ಹಿಡ್ಕೊಂಡು, "ಇಲ್ಲೇ ಇದೀನಿ! ಇಲ್ಲೇ ಇದೀನಿ!" ಅಂತ ಕೂಗ್ತಾನೆ.

"ಲೋ ಮಾರಾಯ, ಫೋನು ಎತ್ತದೆ ಆಕಿಗೆ ಹೆಂಗೆ ಕೇಳ್ತದೋ?" ಅಂದೆ.

ಆಗ ಅವನಿಗೆ ಕುರಿಗೆ ಸೊಪ್ಪು ಕೀಳೋ ದೋಟಿ ನೆನಪಾತು. ಉದ್ದನೇ ಬಿದಿರು ಕೋಲನ್ನ ಕಿಟಕಿಯಾಗೆ ತೂರಿಸಿ, ಅದರ ತುದಿಯಿಂದ ಫೋನಿನ ಮೇಲಿನ ಹಸಿರು ಗುರುತನ್ನ ಸವರಿದ, ತಿಕ್ಕಿದ, ತಿವಿದ. ಫೋನು ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಮನುಷ್ಯರ ಬೆರಳೇ ಆಗ್ಬೇಕಂತೆ. ಹುಡುಗಿ ಕರೆದು ಕರೆದು ಸುಸ್ತಾಗಿ ಬಿಟ್ಳು.

ಯಜಮಾನ್ರು ಬೀಡಿ ಸೇದ್ತಾ ಇದನ್ನೆಲ್ಲಾ ನೋಡ್ತಿದ್ರು. ಎದ್ದು ಬಂದು ತಮ್ಮ ಗುಂಡಿ ಫೋನನ್ನ ಬದುವಿನ ಮೇಲಿಟ್ಟು, ದೋಟಿ ಇಸ್ಕೊಂಡು, ದೂರ ನಿಂತು ಒಂದು ಗುಂಡಿ ಅದುಮಿದ್ರು. ಫೋನು 'ಕುಂಯ್' ಅಂತು.

"ನೋಡೋ ತಮ್ಮಾ," ಅಂದ್ರು, "ಫೋನು ಅಂದ್ರೆ ಕೋಲಿಗೆ ಹೆದರ್ಬೇಕು."

೩. ನಾನೇನೂ ಕೇಳಿಸ್ಕೊಳ್ಳಲ್ಲ

ಉಬ್ರಾಣಿ ಕಡೆ ಹೋದ್ವಿ. ಅಲ್ಲಿ ದೊಡ್ಡ ಫೋನಿಗೆ ನೆಟ್‌ವರ್ಕೇ ಇಲ್ಲ. ಯಜಮಾನ್ರ ಫೋನಿಗೆ ಮಾತ್ರ ಭರ್ತಿ ಐತೆ. ಮುಖ ಇಲ್ಲದಿದ್ರೂ ಮಾತಾದ್ರೂ ಆಡೋಣ ಅಂತ ಮೈದುನ ಅಣ್ಣನ ಮುಂದೆ ಕೈಯೊಡ್ಡಿ ನಿಂತ.

ಆ ಫೋನಿನ ಕಥೆ ಬ್ಯಾರೆ. ಬ್ಯಾಟರಿ ನಿಂತಿರೋದು ರಬ್ಬರ್ ಬ್ಯಾಂಡಿನ ಮೇಲೆ. ಯಾವ ಮೂಲೆ ಎಷ್ಟು ಅದುಮಬೇಕು ಅನ್ನೋದು ಅವರಿಗೊಬ್ಬರಿಗೇ ಗೊತ್ತು, ಬೇರೆಯೋರು ಹಿಡಿದ್ರೆ ಕಳಚಿ ಬೀಳ್ತದೆ. ಕಿವಿಗಿಟ್ಟು ಕೇಳೋ ಭಾಗ ಕೆಟ್ಟು ಎಷ್ಟೋ ಕಾಲ ಆಗಿತ್ತು. ಮಾತೆಲ್ಲಾ ಲೌಡ್ ಸ್ಪೀಕರಿನಾಗೇ.

"ನಾನೇ ಹಿಡ್ಕೋತೀನಿ, ನೀನು ಮಾತಾಡು," ಅಂತ ಅವರು ನಡುವೆ ಕೂತ್ಕೊಂಡ್ರು.

"ಊಟ ಆತಾ?" ಅಂದ್ಳು ಹುಡುಗಿ, ಮೆತ್ತಗೆ.

"ಇನ್ನೂ ಇಲ್ಲಮ್ಮ, ಮುದ್ದೆ ಆಗ್ತಾ ಐತೆ," ಅಂದ್ರು ಯಜಮಾನ್ರು.

"ಯಾರು ಮಾತಾಡ್ತಿರೋದು?"

"ನಾನಮ್ಮ, ಫೋನು ಹಿಡ್ಕೊಂಡೋನು. ನೀವು ಮಾತಾಡ್ಕೊಳ್ರಿ, ನಾನೇನೂ ಕೇಳಿಸ್ಕೊಳ್ಳಲ್ಲ."

ಹುಡುಗಿ ಧೈರ್ಯ ಮಾಡಿ, "ನನ್ನ ನೆನಪು ಬರ್ತದಾ?" ಅಂದ್ಳು.

ಮೈದುನ ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ, ತಲೆ ಬಗ್ಗಿಸಿ ಹುಲ್ಲು ಕೀಳಾಕೆ ಕೂತ. ನಾನು ಮುದ್ದೆ ಕೋಲು ಕೈಯಾಗೆ ಹಿಡ್ಕೊಂಡೇ ನಗು ನುಂಗ್ತಿದ್ದೆ. ಯಜಮಾನ್ರಿಗೇ ಸಂಕಟ ಆಗಿ ಫೋನಿಗೆ ಬಾಯಿ ಕೊಟ್ರು.

"ಒಂದ್ ನಿಮಿಷ ತಡಿಯಮ್ಮ, ಹುಡುಗ ನಾಚ್ಕೊಂಡಾನೆ. ಪಕ್ಕಕ್ಕೆ ಕರ್ಕೊಂಡು ಹೋಗಿ ಕೇಳಿ ಹೇಳ್ತೀನಿ."

೪. ದಾರಿ ಹೇಳೋ ಹೆಣ್ಮಗಳು

ಹೊನ್ನಾಳಿ ಕಡೆ ಹೊರಟಾಗ ಮೈದುನ, "ಅಣ್ಣ, ಈ ಸಲ ಯಾರನ್ನೂ ದಾರಿ ಕೇಳೋದು ಬ್ಯಾಡ," ಅಂದ. ಫೋನಿನಾಗೆ ಒಬ್ಬ ಹೆಣ್ಮಗಳು ದಾರಿ ಹೇಳ್ತಾಳೆ: ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ.

"ಆಯಮ್ಮ ಕುರಿ ಕಾಯ್ದಿದ್ಳೇನೋ?" ಅಂದ್ರು ಯಜಮಾನ್ರು.

"ಇಲ್ಲ, ಆದ್ರೆ ದಾರಿ ಗೊತ್ತು."

ಗೊತ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ ಆಯಮ್ಮ ಹತ್ತಿರದ ದಾರಿ ಅಂತ ನಮ್ಮನ್ನ ಕರ್ಕೊಂಡು ಹೋಗಿದ್ದು ಒಂದು ಕಲ್ಯಾಣ ಮಂಟಪದ ಓಣಿಗೆ. ಬಾಗಿಲಿಗೆ ಬಾಳೆ ಕಂಬ, ಮಾವಿನ ತೋರಣ, ಎರಡೂ ಕಡೆ ತೆಂಗಿನ ಗರಿ. ನಮ್ಮ ಕುರಿಗೆ ಹುಟ್ಟಿದಾಗಿಂದ ಯಾರೂ ಅಂಥ ಸ್ವಾಗತ ಕೊಟ್ಟಿರಲಿಲ್ಲ. ಗಂಡಿನ ಕಡೆಯವರ ಬಸ್ಸು ಬರೋದ್ರೊಳಗೆ ಬಾಳೆ ಕಂಬ ಬೋಳು, ತೋರಣದಾಗೆ ಬರೀ ದಾರ ಉಳ್ಕೊಂಡಿತ್ತು.

ಆ ಮದುವೆ ಹೆಣ್ಣಿನ ಅಪ್ಪ ರೇಷ್ಮೆ ಪಂಚೆ ಎತ್ತಿ ಕಟ್ಕೊಂಡು ಓಡಿ ಬಂದ್ರು. "ಯಾರ್ರೀ ನಿಮಗೆ ಈ ಕಡೆ ಬರಾಕೆ ಹೇಳಿದ್ದು?"

ಯಜಮಾನ್ರು ಮೈದುನನ ಕೈಯಾಗಿನ ಫೋನು ತೋರಿಸಿದ್ರು. "ಆಯಮ್ಮ."

ಅಷ್ಟೊತ್ತಿಗೆ ಆಯಮ್ಮನೇ ಬಾಯಿಬಿಟ್ಳು: "ದಯವಿಟ್ಟು ಯು-ಟರ್ನ್ ತೆಗೆದುಕೊಳ್ಳಿ."

ಮುಂದಿನ ಕುರಿ ಅಡಿಗೆ ಮನೆ ಹೊಕ್ಕಿತ್ತು, ಹಿಂದಿನವು ಇನ್ನೂ ಮೇನ್ ರೋಡಿನಾಗಿದ್ವು. ಯಜಮಾನ್ರು ಫೋನಿಗೆ ಕೈ ಮುಗಿದ್ರು. "ತಾಯೀ, ಒಂದ್ಸಲ ನೀನೇ ಬಂದು ತಿರುಗಿಸಿ ತೋರ್ಸು."

೫. ಮುಖ ತೋರಿಸೋ ದಿನ

ಹೊಸ ಬಾಳೆ ಕಂಬ ಹುಡುಕಿ ತಂದು ನೆಡೋದ್ರಾಗೆ ಅವತ್ತಿನ ಸಂಜೆ ಫೋನೂ ತಪ್ಪಿತು. ಹುಡುಗಿ ಅಪ್ಪನಿಗೆ ಸಿಟ್ಟು ಬಂತು. ಅತ್ತೆ ಕೈಲಿ ಹೇಳಿ ಕಳಿಸಿದ್ರು: "ಸೋಮವಾರ ಹಿರೇರೆಲ್ಲಾ ಕೂರ್ತೀವಿ. ಹುಡುಗ ಬರಾಕೆ ಆಗಲ್ಲ ಅಂದ್ರೆ ಫೋನಾಗಾದ್ರೂ ಮುಖ ತೋರಿಸ್ಲಿ. ಅವತ್ತೂ ತಪ್ಪಿದ್ರೆ ಬೇರೆ ಕಡೆಗೆ ಕೊಡ್ತೀವಿ."

ನಾನು ಗಂಡಸರಿಬ್ಬರನ್ನೂ ಎದುರಿಗೆ ಕೂರಿಸ್ಕೊಂಡು, "ಸೋಮವಾರ ಏನಾದ್ರೂ ಎಡವಟ್ಟು ಮಾಡಿದ್ರೋ, ನಿಮ್ಮ ಮುದ್ದೆ ನೀವೇ ತೊಳಸ್ಕೊಳ್ರಿ," ಅಂತ ಬೈದೆ.

ಸೋಮವಾರ ನ್ಯಾಮತಿ ಹತ್ರ ಇದ್ವಿ. ನೀರು ಹರಿಯೋ ಚಾನಲ್ ಏರಿ ಮೇಲೆ ನೆಟ್‌ವರ್ಕ್ ಚೆನ್ನಾಗಿತ್ತು. ಫೋನಿಗೆ ಪೂರ್ತಿ ಚಾರ್ಜು. ಮೈದುನನಿಗೆ ಹೊಸ ಅಂಗಿ, ತಲೆಗೆ ಎಣ್ಣೆ. ಬಲೆ ಗಂಟಿನ ಮೇಲೆ ಫೋನು ಒರಗಿಸಿಟ್ವಿ. ಫೋನಿನಾಗೆ ಆ ಕಡೆ ಕಂಬಳಿ ಮೇಲೆ ಸಾಲಾಗಿ ಹಿರೇರು, ನಡುವೆ ಹುಡುಗಿ ಅಪ್ಪ, ಬಾಗಿಲ ಹತ್ರ ನಮ್ಮತ್ತೆ, ಅವರ ಹಿಂದೆ ಹುಡುಗಿ. ಮೈದುನ, "ನಮಸ್ಕಾರ ರೀ," ಅಂದ.

ಅಷ್ಟರಾಗೆ ಕೆಳಗಿಂದ ಗದ್ದೆಯೋರ ಕೂಗು: "ಯಾರ್ರೋ ಅದು, ಕುರಿ ಭತ್ತದ ಸಸಿ ಮಡಿಗೆ ಬಿದ್ವು!" ಮೈದುನ ಹಿರೇರನ್ನ ಅಲ್ಲೇ ಬಿಟ್ಟು ಓಡಿದ. ಅವನ ಹಿಂದೆ ಯಜಮಾನ್ರು, ಅವರ ಹಿಂದೆ ನಾನು. ಕುರಿ ಹೊರಗೆ ಹಾಕಿ, ಗಂಡಸರನ್ನ ಅಲ್ಲೇ ಬಿಟ್ಟು, ಏದುಸಿರು ಬಿಡ್ತಾ ವಾಪಸ್ ಬಂದೆ. ನೋಡಿದ್ರೆ ಫೋನಿನ ಮುಂದೆ ಮೈದುನ ನಿಂತಿದ್ದ ಜಾಗದಾಗೆ ನಮ್ಮ ದೊಡ್ಡ ಟಗರು ನಿಂತು ಒಳಗಿರೋರನ್ನ ನೋಡ್ತಾ ಐತೆ! ಮುಗೀತು ಸಂಬಂಧ ಅನ್ಕೊಂಡೆ.

ಆ ಕಡೆ ಹಿರೇರೆಲ್ಲಾ ಫೋನಿನೊಳಗೇ ಬಿದ್ದಂಗೆ ಬಗ್ಗಿದ್ರು. ಅವರೂ ತಲೆತಲಾಂತರದಿಂದ ಕುರಿ ಸಾಕಿದೋರೇ.

"ಏನ್ ಟಗರಮ್ಮ ಇದು!" ಅಂದ್ರು ಹುಡುಗಿ ಅಪ್ಪ. "ಸ್ವಲ್ಪ ಬಾಯಿ ಬಿಡಿಸು, ಹಲ್ಲು ನೋಡಾನ."

ನಾನೇನು ಮಾಡ್ಲಿ? ದವಡೆ ಹಿಡಿದು ಹಲ್ಲು ತೋರಿಸ್ದೆ. ಬೆನ್ನು ತೋರ್ಸು ಅಂದ್ರು, ತೋರಿಸ್ದೆ. ಹಿಂದಕ್ಕೆ ತಿರುಗಿಸು ಅಂದ್ರು, ತಿರುಗಿಸ್ದೆ. ಅಷ್ಟೊತ್ತಿಗೆ ಮೈದುನ ಮೊಣಕಾಲ ತನಕ ಕೆಸರು ಮಾಡ್ಕೊಂಡು ಓಡಿ ಬಂದು ಫೋನಿನ ಮುಂದೆ ಕೈ ಕಟ್ಕೊಂಡು ನಿಂತ.

ಹುಡುಗಿ ಅಪ್ಪ ಕೈ ಆಡಿಸಿದ್ರು. "ಸ್ವಲ್ಪ ಆ ಕಡೆ ಸರಿಯಪ್ಪ, ಟಗರು ಕಾಣ್ತಿಲ್ಲ."

ಹಿರೇರು ತಲೆ ಸೇರಿಸಿ ಗುಸುಗುಸು ಮಾತಾಡ್ಕೊಂಡ್ರು. ಆಮೇಲೆ ಅವರಪ್ಪ ಗಂಟಲು ಸರಿ ಮಾಡ್ಕೊಂಡು, "ಇಂಥ ಟಗರು ಸಾಕಿದ ಮನೆಯಾಗೆ ನಮ್ಮ ಹುಡುಗಿ ಉಪವಾಸ ಇರಲ್ಲ. ಹೆಣ್ಣು ಕೊಟ್ವಿ. ಆದ್ರೆ ಒಂದು ಮಾತು. ಆ ಟಗರು ನಮಗೆ ಕೊಡ್ಬೇಕು," ಅಂದ್ರು.

ನನ್ನ ಕಣ್ಣಾಗೆ ನೀರೇ ಬಂತು. ಟಗರೇನು, ಕುದುರೆ ಕೇಳಿದ್ರೂ ಕೊಡ್ತಿದ್ದೆ. ಆದ್ರೆ ಆಗ ತಾನೇ ಏರಿ ಹತ್ತಿ ಬಂದ ನಮ್ ಯಜಮಾನ್ರಿಗೆ ಬರೀ ಕಡೇ ಮಾತು ಕೇಳಿಸಿತ್ತು. ಇಷ್ಟು ದಿನ ದೊಡ್ಡ ಫೋನು ಮುಟ್ಟದ ಮನುಷ್ಯ ಅದನ್ನ ಬಾಚಿ ಎತ್ಕೊಂಡು, ಬಾಯಿಗೇ ಇಟ್ಕೊಂಡು ಕೂಗಿದ್ರು: "ನನ್ನ ತಮ್ಮನ್ನ ಬೇಕಾದ್ರೆ ಇವತ್ತೇ ಬಸ್ ಹತ್ತಿಸ್ತೀನಿ, ಮನೆ ಅಳಿಯ ಮಾಡ್ಕೊಳ್ರಿ! ಟಗರು ಮಾತ್ರ ಕೊಡಲ್ಲ!"

ಮೈದುನ ಬಲೆ ಗಂಟಿನ ಮೇಲೆ ಕುಸಿದು ಕೂತ. ನಾನು ಮನಸ್ಸಿನಾಗೇ ಯಜಮಾನ್ರಿಗೆ ಹಿಡಿ ಶಾಪ ಹಾಕಿದೆ.

ಆಗ ಬಾಗಿಲ ಕಡೆಯಿಂದ ಹುಡುಗಿ ದನಿ ಬಂತು. "ಟಗರು ಅಲ್ಲೇ ಇರ್ಲಿ ಬಿಡಪ್ಪ. ಹೆಂಗಿದ್ರೂ ನಾನೇ ಅಲ್ಲಿಗೆ ಹೋಗೋಳು."

ಎದ್ದು ಮುಂದಕ್ಕೆ ಬಂದು, ಹಿರೇರ ನಡುವೆಯೇ ಬಗ್ಗಿ ಫೋನಿಗೆ ಹೇಳಿದ್ಳು:

"ಭಾವಾರೇ, ಫೋನು ಬಾಯಿಂದ ತೆಗೀರಿ. ನಿಮ್ಮ ಹಲ್ಲು ನೋಡಿದ್ದು ಸಾಕು, ಅವರನ್ನ ತೋರಿಸ್ರಿ."