ಸಪ್ಪಿಯನ್ನು ನೋಡಲು ಬಂದವರು

ಆ ಬೆಳಿಗ್ಗೆ ಪಾಪಯ್ಯ ಬಾಯಿ ಬಿಡದಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಬಾಯಿ ಬಿಡುವ ಪೈಕಿಯೂ ಅಲ್ಲ. ಹೆಣ್ಣು ನೋಡಲು ಹೋದಾಗ ಒಪ್ಪಿಗೆಯೇನಪ್ಪ ಎಂದು ಕೇಳಿದರೆ ಆ ಮನೆಯ ತೊಲೆ ನೋಡುತ್ತ ಕೂತಿದ್ದವನು. ಆದರೆ ಅಂದು ಸೂಲಿಬೆಲೆಯ ಡೈರಿಗೆ ಹಾಲು ಹಾಕಿ ಹಳ್ಳಿಗೆ ಮರಳಿದವನಿಗೆ ಬಾವಿಯ ಹತ್ತಿರ ಅವನ ಬೀದಿಯ ಮುದುಕಿ ಮುತ್ಯಾಲಮ್ಮ ಎದುರಾದಳು. ಸಂತೋಷ ತಡೆಯದೆ ಅಂದುಬಿಟ್ಟ:

"ಇವತ್ತು ಬೆಂಗಳೂರಿಂದ ಡಾಕ್ಟ್ರಮ್ಮ ಬರ್ತಾರೆ ಕಣಜ್ಜಿ, ನಮ್ಮ ಸಪ್ಪೀನ ನೋಡೋಕೆ."

ಸಪ್ಪಿ ಎಂದರೆ ಸಪ್ಪಲಮ್ಮ, ಅವನ ಒಬ್ಬಳೇ ಮಗಳು. ಎರಡೂವರೆ ವರ್ಷವಾದರೂ ಎದ್ದು ನಿಂತಿರಲಿಲ್ಲ. ಹಿಂದಿನ ವರ್ಷ ಬೆಂಗಳೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಅಲ್ಲಿದ್ದ ವಯಸ್ಸಾದ ಡಾಕ್ಟರು, "ಇದಕ್ಕೆ ಮಾತ್ರೆ, ಟಾನಿಕ್ಕು ಇಲ್ಲಪ್ಪ. ಮನೆಯವರೇ ಔಷಧಿ. ನೀವು ಏನು ಕೆಲಸ ಮಾಡ್ತಿದ್ರೂ ಮಗು ಜೊತೇಲಿರಲಿ. ಬೇಕಾದ್ದನ್ನ ಕೈಗೆ ಕೊಟ್ಟುಬಿಡಬೇಡಿ, ಅದೇ ಕೈ ಚಾಚಲಿ," ಎಂದಿದ್ದರು. ಅಂದಿನಿಂದ ಅವನ ಹೆಂಡತಿ ಗಂಗಲಕ್ಷ್ಮಮ್ಮ ರಾಗಿ ಬೀಸುವಾಗ ಮಗಳ ಕೈಯನ್ನೂ ಬೀಸುಕಲ್ಲಿನ ಗೂಟಕ್ಕೆ ಹಚ್ಚುತ್ತಿದ್ದಳು. ಪಾಪಯ್ಯ ಹಾಲು ಕರೆಯುವಾಗ ಹುಲ್ಲು ತುಂಬಿದ ಚೀಲಕ್ಕೆ ಒರಗಿಸಿ ಕೂರಿಸಿಕೊಳ್ಳುತ್ತಿದ್ದ. ಹಸುವಿನ ಬಾಲ ಇಬ್ಬರಿಗೂ ಸಮನಾಗಿ ಬೀಳುತ್ತಿತ್ತು. ಹೀಗೆ, ಕೂರಿಸಿದರೆ ಅರೆಬೆಂದ ಮುದ್ದೆಯಂತೆ ವಾಲುತ್ತಿದ್ದ ಮಗು ನೆಟ್ಟಗೆ ಕೂರುವುದನ್ನು ಕಲಿತಿತ್ತು. ಆಮೇಲೇನು ಮಾಡಬೇಕೋ ಅವನಿಗೆ ತಿಳಿಯದು. ಅದನ್ನು ಕಲಿಸಲೆಂದೇ ಆಸ್ಪತ್ರೆಯವರು ಹೊಸದಾಗಿ ಸೇರಿದ ಒಬ್ಬರನ್ನು ಕಳಿಸುತ್ತಿದ್ದರು. ಮಗುವನ್ನು ನೋಡಿ, ಬೇಕು ಅನ್ನಿಸಿದರೆ ತಿಂಗಳಿಗೆರಡು ಸಲ ಮನೆಗೇ ಬರುತ್ತಾರಂತೆ. ಪಾಪಯ್ಯನಿಗೆ ಬೇಕಾಗಿದ್ದದ್ದು ಅಷ್ಟೇ.

"ನೋಡೋಕಾ?" ಮುತ್ಯಾಲಮ್ಮ ಕೊಡ ಕೆಳಗಿಟ್ಟಳು. "ಅಂದ್ರೆ ಇನ್‌ಸ್ಪೆಕ್ಷನ್ನು."

ಇನ್‌ಸ್ಪೆಕ್ಷನ್ನು ಎಂದರೇನೆಂದು ಆ ಊರಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರು ಬಂದರೆ ಪಕ್ಕದೂರಿನ ಮಕ್ಕಳನ್ನು ತಂದು ಕೂರಿಸುತ್ತಿದ್ದರು. ಸರ್ಕಾರ ಸಾಲಕ್ಕೆ ಕೊಟ್ಟ ಹಸು ಹೇಗಿದೆಯೆಂದು ನೋಡಲು ಬಂದರೆ, ಯಾರ ಮನೆಯ ಮುಂದಾದರೂ ಸರಿ, ಪಾಪಯ್ಯನ ಎದುರುಮನೆ ಅಕ್ಕಯಮ್ಮನ ಮೈದುಂಬಿದ ಹಸು ನಿಂತಿರುತ್ತಿತ್ತು. ಬಂದವರು ಸಂತೋಷವಾಗಿ ಹೋಗುತ್ತಿದ್ದರು.

"ಕೂಸು ಎದ್ದು ನಿಲ್ದೆ ಹೋದ್ರೆ, ಇಷ್ಟು ದಿನ ಏನ್ ಮಾಡ್ದೆ ಅಂತ ನಿನ್ನ ಉಗೀತಾರೆ. ನಾನಿರೋವಾಗ ಈ ಬೀದಿ ಮಾನ ಹೋಗಬಾರ್ದು."

"ಅಜ್ಜಿ, ನಿಲ್ಲಲ್ಲ ಅಂತ ತೋರಿಸೋಕೇ..."

"ನೀನು ಸುಮ್ನಿರ್ಲಾ. ನಿನ್ನ ಹೆರಿಗೆ ಮಾಡ್ಸಿದೋಳು ನಾನು. ಅವತ್ತೂ ಅಳ್ದೆ ಸುಮ್ನೆ ಬಿದ್ದಿದ್ದೆ. ಕುಂಡಿ ಮೇಲೆ ನಾನು ಎರಡು ಬಿಟ್ಟ ಮೇಲೇ ನೀನು ಉಸಿರಾಡಿದ್ದು."

ಪಾಪಯ್ಯ ಹಾಲಿನ ಕ್ಯಾನು ಎತ್ತಿಕೊಂಡು ಮನೆಯ ಕಡೆ ನಡೆದ.

ಬಿಸಿಲೇರುವ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಅದೇ ಅಕ್ಕಯಮ್ಮನ ಮಗ ಬೈಲನಿಗೂ ಎರಡೂವರೆ ವರ್ಷ. ಮನೆದೇವರಿಗೆ ಮುಡಿ ಕೊಡುವುದು ಬಾಕಿಯಿದ್ದುದರಿಂದ ಕೂದಲು ಬೆನ್ನಿನವರೆಗೆ ಇಳಿದಿತ್ತು. ಜಡೆ ಹಾಕಿ, ಕನಕಾಂಬರ ಮುಡಿಸಿ, ಸಪ್ಪಿಯ ಹಸಿರು ಲಂಗ ತೊಡಿಸಿದರು. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ಮದುಮಗಳಂತೆ ಕಾಣುತ್ತಿದ್ದ.

ಗಂಗಲಕ್ಷ್ಮಮ್ಮ ಮಾತ್ರ, "ನನ್ನ ಮಗೂನ ನನ್ನದಲ್ಲ ಅನ್ನೋಕೆ ನನ್ನ ಕೈಲಾಗಲ್ಲ," ಎಂದು ಸಪ್ಪಿಯನ್ನೆತ್ತಿಕೊಂಡು ಎದುರುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೀಗಾಗಿ ತಾಯಿಯ ಜಾಗವೂ ಅಕ್ಕಯಮ್ಮನಿಗೇ ಬಂತು.

ಡಾಕ್ಟ್ರಮ್ಮ ಇನ್ನೂ ಸಣ್ಣ ವಯಸ್ಸಿನವರು, ಕನ್ನಡಕದವರು. ಜಗುಲಿಯ ಮೇಲೆ ಕೂತು ನೀರು ಕುಡಿದು, "ಎಲ್ಲಿ ಸಪ್ಪಲಮ್ಮ?" ಎಂದರು.

ಉತ್ತರವಾಗಿ ಬೈಲ ಜಗುಲಿಯಿಂದ ಹಾರಿ, ಕೋಳಿಯೊಂದನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿ, ವಾಪಸು ಬಂದು ನಿಲ್ಲಿಸಿದ್ದ ಎತ್ತಿನ ಗಾಡಿಯ ಮೂಕಿಮರದ ಮೇಲೆ ಹತ್ತಿ ನಿಂತ.

"ಅಣ್ಣಾ, ಬಿದ್ದುಗಿದ್ದು ಹೋದೀತು, ಹಿಡ್ಕೊ!" ಅಕ್ಕಯಮ್ಮ ಕಿರುಚಿದಳು.

ಡಾಕ್ಟ್ರಮ್ಮ ಹುಬ್ಬೇರಿಸಿದರು. "ಗಂಡನ್ನ ಅಣ್ಣಾ ಅಂತೀರಾ?"

"ಗಂಡನ ಹೆಸರು ಹಿಡಿಯಂಗಿಲ್ಲವಲ್ಲ ತಾಯಿ," ಮುತ್ಯಾಲಮ್ಮ ನಡುವೆ ಬಂದಳು. "ಗಾಬರೀಲಿ ಬಾಯಿಗೆ ಬಂದದ್ದು."

ಪಾಪಯ್ಯ ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ಮಾತು ನಾಲಿಗೆಯವರೆಗೆ ಬಂದು, ಹೊಸ್ತಿಲು ದಾಟಲು ನಾಚುವ ಸೊಸೆಯಂತೆ ಅಲ್ಲೇ ನಿಂತಿತು. ಅಷ್ಟರಲ್ಲಿ ಬೈಲ ಕೆಳಗಿಳಿದು, ಲಂಗ ಎತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತ. ಮುತ್ಯಾಲಮ್ಮ ಆ ವಯಸ್ಸಿಗೆ ಯಾರೂ ನಂಬದಷ್ಟು ವೇಗವಾಗಿ ಹೋಗಿ ಅಡ್ಡಕ್ಕೆ ಸೆರಗು ಹರಡಿದಳು. "ಹೂವು ಬಿದ್ದೋಯ್ತು, ಹುಡುಕ್ತಾ ಐತೆ," ಎಂದಳು.

ಡಾಕ್ಟ್ರಮ್ಮನ ಕಣ್ಣು ತುಂಬಿ ಬಂದಿತ್ತು. ಅವರು ಅದನ್ನೆಲ್ಲ ನೋಡಿರಲಿಲ್ಲ. "ಪಾಪಯ್ಯನವರೇ, ಮನೆಯವರೇ ಸೇರಿ ಒಂದು ಮಗೂನ ಇಷ್ಟರಮಟ್ಟಿಗೆ ತಂದಿದ್ದೀರಲ್ಲ! ಇನ್ನು ನಾನು ಬರೋ ಅಗತ್ಯವೇ ಇಲ್ಲ. ದೊಡ್ಡಬೆಳವಂಗಲದಲ್ಲಿ ಒಂದು ಮಗು ಕಾಯ್ತಿದೆ. ನಿಮ್ಮ ಸರದಿ ಅದಕ್ಕೆ ಕೊಡ್ತೀನಿ." ಅವನ ಎರಡೂ ಕೈ ಹಿಡಿದು ಕುಲುಕಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಬೀದಿಯೆಲ್ಲ ಗೆದ್ದ ಹುಮ್ಮಸ್ಸಿನಲ್ಲಿತ್ತು. ಪಾಪಯ್ಯ ಎದುರುಮನೆಯ ಬಾಗಿಲು ತಟ್ಟಿದ.

"ಏನಂದ್ರು?" ಗಂಗಲಕ್ಷ್ಮಮ್ಮ ಕೇಳಿದಳು.

"ಇನ್ಮೇಲೆ ಬರಲ್ವಂತೆ."

 ಅವಳು ಸಪ್ಪಿಯನ್ನು ಅವನ ತೋಳಿಗೆ ಹಾಕಿ, ರಸ್ತೆಯ ಕಡೆ ನೋಡಿದಳು. ಪಾಪಯ್ಯ ಓಡಿದ.

ರಸ್ತೆಯ ಪಕ್ಕದಲ್ಲಿ ಬಸ್ಸಿಗೆ ಕಾಯುವವರು ಕೂರುವ ಕಲ್ಲುಚಪ್ಪಡಿಯ ಬಳಿ ಡಾಕ್ಟ್ರಮ್ಮ ನಿಂತಿದ್ದರು. ಚಪ್ಪಡಿಯ ಆ ತುದಿಯಲ್ಲಿ ಯಾವೂರಿನದೋ ಹೆಂಗಸೊಬ್ಬಳು ಕೋಳಿಮರಿಯ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಪಾಪಯ್ಯ ಮಗಳನ್ನು ಚಪ್ಪಡಿಯ ಈ ತುದಿಯ ನೆಲದ ಮೇಲೆ ಕೂರಿಸಿ, ಏದುಸಿರು ಬಿಡುತ್ತ ಕೈಮುಗಿದು ನಿಂತ. ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಮಾತೆಲ್ಲ ಒಟ್ಟಿಗೇ ಬಂತು.

"ಅಮ್ಮಾ, ಅದು ನನ್ನ ಮಗು ಅಲ್ಲ. ಅದು ಗಂಡು. ಅಕ್ಕಯಮ್ಮ ನನ್ನ ಹೆಂಡ್ತಿ ಅಲ್ಲ. ನನ್ನ ಮಗಳು ಇವಳು. ಎದ್ದು ನಿಲ್ಲೋದೇ ಇಲ್ಲ ತಾಯಿ. ಕಾಲು ಊರೋದೇ ಇಲ್ಲ. ಏನ್ ಮಾಡಿದ್ರೂ ಕೂತಲ್ಲೇ ಕೂತಿರ್ತಾಳೆ. ನೀವು ಬರಲೇಬೇಕು!"

ಡಾಕ್ಟ್ರಮ್ಮ ಅವನ ಹೆಗಲಾಚೆ ನೋಡುತ್ತಿದ್ದರು.

"ಯಾರು ನಿಲ್ಲಲ್ಲ? ಆ ಮಗುನಾ?" ಅವರ ದನಿ ಗಡುಸಾಯಿತು. "ಅದು ನಡೀತಾ ಇದೆಯಲ್ರೀ!"

ಪಾಪಯ್ಯ ತಿರುಗಿದ. ಸಪ್ಪಿ ಅವನು ಕೂರಿಸಿದಲ್ಲಿ ಇರಲಿಲ್ಲ. ಚಪ್ಪಡಿಯ ಆ ತುದಿಯಲ್ಲಿ, ಎರಡು ಕೈಯಲ್ಲಿ ಕಲ್ಲಿನ ಅಂಚು ಹಿಡಿದು, ಎರಡು ಕಾಲ ಮೇಲೆ ನಿಂತು ಕುಕ್ಕೆಯೊಳಗೆ ಇಣುಕುತ್ತಿದ್ದಳು.

ಬಸ್ಸು ಬಂತು. ಡಾಕ್ಟ್ರಮ್ಮ ಮೆಟ್ಟಿಲು ಹತ್ತುತ್ತ, "ಒಂದು ಸಲ ಉಪಕಾರ ಆಯ್ತು ಅಂತ ಊರ ಮಕ್ಕಳನ್ನೆಲ್ಲ ಎತ್ಕೊಂಡು ಬರಬೇಡಿ ಪಾಪಯ್ಯನವರೇ. ನಿಜವಾಗಿ ಕಷ್ಟದಲ್ಲಿರೋ ಮಕ್ಕಳಿಗೆ ಅನ್ಯಾಯ ಆಗುತ್ತೆ," ಎಂದರು. ಕೋಳಿಮರಿಯ ಹೆಂಗಸೂ ಕುಕ್ಕೆ ಎತ್ತಿಕೊಂಡು ಅದೇ ಬಸ್ಸು ಹತ್ತಿದಳು. ಓಡಿಹೋಗಿ ತಡೆಯಬಹುದಿತ್ತು. ಆದರೆ ಮಗಳು ನಿಂತಿದ್ದಳು. ತಾನು ಅಲ್ಲಾಡಿದರೆ ಅವಳು ಕುಸಿದಾಳೆಂದು ಪಾಪಯ್ಯ ಕಣ್ಣರೆಪ್ಪೆಯನ್ನೂ ಬಡಿಯಲಿಲ್ಲ. ಬಸ್ಸು ಮರೆಯಾಯಿತು. ಕೋಳಿಮರಿಯಿಲ್ಲದ ಮೇಲೆ ನಿಂತಿದ್ದು ಯಾಕೆಂಬಂತೆ ಸಪ್ಪಿ ದೊಪ್ಪನೆ ಕೂತಳು. ಎಷ್ಟು ಪೂಸಿ ಹೊಡೆದರೂ ಮತ್ತೆ ಏಳಲಿಲ್ಲ.

ಬೀದಿಯಲ್ಲಿ ಅವನು ಹೇಳಿದ್ದನ್ನು ಕೇಳಿ ಮುತ್ಯಾಲಮ್ಮ ಬೊಚ್ಚುಬಾಯಿ ತುಂಬ ನಕ್ಕಳು. "ನಡೆದ್ಲಾ? ಹೋಗ್ಲಿ ಬಿಡು. ಮೂವತ್ತು ವರ್ಷಕ್ಕೆ ನೀನೂ ಒಂದು ಸುಳ್ಳು ಹೇಳೋದು ಕಲ್ತೆ." ಅಕ್ಕಯಮ್ಮನೂ ನಕ್ಕಳು.

ಗಂಗಲಕ್ಷ್ಮಮ್ಮ ನಗಲಿಲ್ಲ. ಮಗಳನ್ನು ಮಡಿಲಿಗೆ ತೆಗೆದುಕೊಂಡು, ಯಾರಿಗೂ ಕೇಳಿಸದಂತೆ ಗಂಡನನ್ನು ಕೇಳಿದಳು:

"ಯಾವ ಕಾಲು ಮೊದ್ಲು ಇಟ್ಲು? ಬಲಗಾಲಾ?"

ಅದನ್ನು ಕಂಡಿದ್ದವರು ಆಗಲೇ ಹೊಸಕೋಟೆ ದಾಟಿರಬೇಕು. ಪಾಪಯ್ಯ ಬಗ್ಗಿ ಮಗಳ ಪುಟ್ಟ ಪಾದಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಎರಡಕ್ಕೂ ಒಂದೇ ಸಮ ದೂಳು ಮೆತ್ತಿತ್ತು.